ಚಿಂತಾಕಿ ಆಫ್ರಿಕಾದಲ್ಲಿತ್ತು

ಒಂಬತ್ತನೇ ತರಗತಿಯ ಆ ಚಳಿಗಾಲದವರೆಗೂ ಚಿಂತಾಕಿ ಆಫ್ರಿಕಾದಲ್ಲಿದೆ ಎಂದೇ ನಾನು ನಂಬಿದ್ದೆ. ನಗಬೇಡಿ. ನಕ್ಕವರು ಆಗಲೇ ಬೇಕಾದಷ್ಟು ಜನ ಆಗಿಹೋಗಿದ್ದಾರೆ, ಹೊಸಬರ ಅಗತ್ಯ ನನಗಿಲ್ಲ. ಚಿಂತಾಕಿ ಇರುವುದು ಔರಾದ ತಾಲೂಕಿನಲ್ಲಿ. ನಮ್ಮ ಭಾಲ್ಕಿಯಿಂದ ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಆದರೆ ನಮ್ಮ ಬಳಗವೆಲ್ಲ ಬೀದರ ಕಡೆಗಿತ್ತು. ಲಗ್ನವಿರಲಿ, ತೊಟ್ಟಿಲ ಕಾರ್ಯವಿರಲಿ, ನಾವು ಹತ್ತುತ್ತಿದ್ದದ್ದು ಬೀದರ ಬಸ್ಸನ್ನೇ. ಔರಾದ ಅಂದರೆ ನನಗೆ ಅಪ್ಪ ಸೋಮವಾರ ಹೋಗಿ ಶನಿವಾರ ವಾಪಸ್ ಬರುವ ಊರು, ಅಷ್ಟೇ.

ಅಪ್ಪ ಕರೆಂಟಿನ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದ. ಔರಾದಿನಲ್ಲಿ ಒಂದು ರೂಮು ಮಾಡಿಕೊಂಡು ವಾರವೆಲ್ಲ ಅಲ್ಲೇ ಇರುತ್ತಿದ್ದ. ಕಂಬ ಬಿದ್ದರೆ, ತಂತಿ ಕಡಿದರೆ, ಫ್ಯೂಸ್ ಹೋದರೆ ಸೈಕಲ್ಲಿನ ಹಿಂದೆ ಹಗ್ಗ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುವ ಕೆಲಸ. ಶನಿವಾರ ಸಂಜೆ ಮನೆಗೆ ಬಂದವನ ಅಂಗೈ ಮುಟ್ಟಿದರೆ ಒರಟು ಒರಟು. ಭಾನುವಾರ ಬೆಳಿಗ್ಗೆ ಚಹಾ ಆದ ಮೇಲೆ ಅವನು ನನ್ನವನು. ಆ ದಿನ ಅವ್ವ ಕೂಡ ಅವನಿಗೆ ಕೆಲಸ ಹೇಳುತ್ತಿರಲಿಲ್ಲ. ನಾವಿಬ್ಬರೂ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೂರುತ್ತಿದ್ದೆವು.

ಆಟ ಹೀಗಿತ್ತು. ವಾರಕ್ಕೊಂದು ಅಕ್ಷರ. ಆ ಅಕ್ಷರದಿಂದ ಶುರುವಾಗುವ ಜಗತ್ತಿನ ಜಾಗಗಳನ್ನು ವಾರವಿಡೀ ಇಬ್ಬರೂ ಬೇರೆ ಬೇರೆ ಕೂಡಿಹಾಕಬೇಕು. ದೇಶ, ರಾಜಧಾನಿ, ನದಿ, ಗುಡ್ಡ, ದ್ವೀಪ, ಯಾವುದಾದರೂ ಸರಿ. ಭಾನುವಾರ ಒಬ್ಬರಾದ ಮೇಲೊಬ್ಬರು ಹೇಳುತ್ತ ಹೋಗಬೇಕು. ಯಾರ ಬಳಿ ಮೊದಲು ಮುಗಿಯಿತೋ ಅವರು ಸೋತರು. ಹೇಳಿದವರು ತಮ್ಮ ಜಾಗವನ್ನು ತಮ್ಮ ಕೈಯಾರೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಜೊತೆಗೆ ಆ ಜಾಗದ ಬಗ್ಗೆ ಒಂದು ಸಂಗತಿ. ಆಮೇಲೆ 'ನಾ ಹೇಳಿಲ್ಲ, ನೀ ಹೇಳಿಲ್ಲ' ಎಂಬ ಜಗಳ ಬೇಡವೆಂದು ಈ ಪದ್ಧತಿ ಮಾಡಿದ್ದೂ ಅಪ್ಪನೇ. ನಾನು ಬಾಲ್‌ಪೆನ್ನಿನಲ್ಲಿ ಬರೆಯುತ್ತಿದ್ದೆ. ಅಪ್ಪ ಕಿವಿಯ ಹಿಂದೆ ಸಿಕ್ಕಿಸಿಕೊಂಡಿರುತ್ತಿದ್ದ ನೀಲಿ ಪೆನ್ಸಿಲ್ಲಿನಲ್ಲಿ, ಗುಂಡಗೆ, ಒತ್ತಿ ಒತ್ತಿ ಬರೆಯುತ್ತಿದ್ದ. ಅವನು ಬರೆದದ್ದು ಕೆಳಗಿನ ಹಾಳೆಗೂ ಮೂಡುತ್ತಿತ್ತು.

ನನ್ನ ಜಾಗಗಳೆಲ್ಲ ಸಾಲೆಯ ಅಟ್ಲಾಸಿನಿಂದ ಬರುತ್ತಿದ್ದವು. ಇಡೀ ಸಾಲೆಗೆ ಇದ್ದದ್ದು ಅದೊಂದೇ ಅಟ್ಲಾಸು, ಅದೂ ಬೀಗ ಹಾಕಿದ ಕಪಾಟಿನಲ್ಲಿ. ಸಮಾಜ ವಿಜ್ಞಾನದ ಬಾಯಿಯವರ (ನಮ್ಮ ಕಡೆ ಟೀಚರಮ್ಮನಿಗೆ ಬಾಯಿ ಅನ್ನುತ್ತಾರೆ) ಬೆನ್ನು ಹತ್ತಿ, ಅವರ ಕೈಚೀಲ ಹೊತ್ತು, ಬೋರ್ಡು ಒರೆಸಿ, ಊಟದ ಬಿಡುವಿನಲ್ಲಿ ಹತ್ತು ನಿಮಿಷ ಅದನ್ನು ಗಿಟ್ಟಿಸಿಕೊಳ್ಳುತ್ತಿದ್ದೆ. ಹಿಂದಿನ ಪುಟಗಳಲ್ಲಿ ಊರಿನ ಹೆಸರುಗಳು ಅಕ್ಷರದ ಪ್ರಕಾರ ಸಾಲಾಗಿ ನಿಂತಿರುತ್ತಿದ್ದವು. ಕೆಲವು ಅಕ್ಷರಕ್ಕೆ ಪುಟಗಟ್ಟಲೆ ಊರು, ಕೆಲವಕ್ಕೆ ಒಂದೋ ಎರಡೋ. 'ಕ' ಅಂದರೆ ಜಾತ್ರೆ. 'ಔ' ಅಂದರೆ ಬರೀ ಬಯಲು.

ಆ 'ಔ' ವಾರವೇ ಎಲ್ಲಕ್ಕೂ ಮೂಲ. ನಾನು ಇಡೀ ವಾರ ಹುಡುಕಿ ಒಂದೇ ಒಂದನ್ನು ಹಿಡಿದಿದ್ದೆ, ಬುರ್ಕಿನಾ ಫಾಸೊ ದೇಶದ ರಾಜಧಾನಿ ಔಗಡೌಗು. ಹೇಳುವಾಗಲೇ ಬಾಯಿ ತುಂಬುವ ಹೆಸರು. ಅಪ್ಪ ಮೀಸೆಯಲ್ಲೇ ನಕ್ಕು, ತನ್ನ ಸರದಿ ಬಂದಾಗ ಎದೆ ಉಬ್ಬಿಸಿ ಹೇಳಿದ.

"ಔರಾದ!"

ನನಗೆ ಸಿಟ್ಟು ನೆತ್ತಿಗೇರಿತು. "ಛೀ, ಅದೇನ್ ಜಗತ್ತಿನ್ಯಾಗ ಬರ್ತದ ಅಪ್ಪಾ? ಇಲ್ಲೇ ಬಾಜೂಕ ಇದ್ದದ್ದು ನಡ್ಯಾಂಗಿಲ್ಲ. ದೂರಂದs ಹೇಳಬೇಕ. ಹಿಂಗ ಮಾಡೂದಿದ್ರ ನಾ ಆಡಂಗಿಲ್ಲ ನೋಡು."

"ಔರಾದ ಜಗತ್ತಿನ್ಯಾಗ ಇಲ್ಲಂದ್ರ ನಾ ವಾರೆಲ್ಲಾ ಎಲ್ಲಿರ್ತೇನವ್ವಾ?" ಎಂದ ಅಪ್ಪ.

ನಾನು ಕೇಳಲಿಲ್ಲ. ಅವನು ಬರೆದಿದ್ದ ಔರಾದದ ಮೇಲೆ ನನ್ನ ಬಾಲ್‌ಪೆನ್ನಿನಿಂದ ಎರಡು ಗೀಟು ಎಳೆದು ಕಾಟು ಹಾಕಿದೆ. ಅಪ್ಪ ಅದನ್ನೇ ಸ್ವಲ್ಪ ಹೊತ್ತು ನೋಡಿ, "ಆತು, ದೂರಂದs ತರ್ತೇನಿ" ಎಂದು ಎದ್ದುಹೋದ. ಅವತ್ತು ಗೆದ್ದವಳು ನಾನು.

ಆಮೇಲಿಂದ ಅಪ್ಪ ದೂರದ್ದನ್ನೇ ತಂದ. 'ಜ' ವಾರ ಜೋಜನಾ ತಂದ. ನಾನು ಜಾಂಬಿಯಾ, ಜೋರ್ಡಾನ್, ಜಕಾರ್ತಾ, ಜಿಬೂತಿ ಎಲ್ಲ ಮುಗಿಸಿ ಕೈ ಚೆಲ್ಲಿ ಕೂತಾಗ ಇವನದು ಜೋಜನಾ. ಅದು ಎಲ್ಲಿದೆ ಎಂದು ಕೇಳಿದರೆ ಮಡಗಾಸ್ಕರ್ ಬಾಜೂಕ. 'ದ' ವಾರ ದಾಬಕಾ ಬಂತು, ಸುಡಾನಿನ ಕೆಳಗೆ. ಅಕ್ಷರಗಳೆಲ್ಲ ಮುಗಿದು ಎರಡನೇ ಸುತ್ತು ಶುರುವಾದಾಗ 'ಎ' ವಾರ ಎಕಂಬಾ ಬಂತು, ಅದು ಬ್ರೆಜಿಲ್ ಕಾಡಿನ ಅಂಚಿಗೆ. ಅಟ್ಲಾಸಿನಲ್ಲಿ ಸಿಗಲಿಲ್ಲವಲ್ಲ ಎಂದು ನಾನು ಕೇಳದೇ ಇರಲಿಲ್ಲ. ಅದಕ್ಕೂ ಅವನ ಹತ್ತಿರ ಉತ್ತರವಿತ್ತು.

"ನಿಮ್ ಸಾಲಿ ಪುಸ್ತಕದಾಗ ಎಷ್ಟ್ ಊರ ಹಿಡೀತಾವ? ನಮ್ ಆಫೀಸಿನ್ಯಾಗ ನಿಜಾಮನ ಕಾಲದ್ದು ಒಂದ್ ಪುಸ್ತಕ ಅದ. ಎತ್ತಾಕ ಇಬ್ರು ಬೇಕ. ಅದರಾಗ ಸಣ್ಣ ಸಣ್ಣ ಊರೂ ಬರಾಬರ್ ಅದಾವ."

ನಾನು ನಂಬಿದೆ. ಯಾಕೆ ನಂಬಬಾರದು? ಹೆಸರಷ್ಟೇ ಹೇಳಿ ಸುಮ್ಮನಾಗುವ ಮನುಷ್ಯನಲ್ಲ ಅವನು. ಜೋಜನಾದಲ್ಲಿ ಮೇಕೆಗಳು ಟ್ರಾನ್ಸ್‌ಫಾರ್ಮರ್ ನೆರಳಲ್ಲಿ ಮಲಗುತ್ತವೆ ಎಂದು ಹೇಳುತ್ತಿದ್ದ. ದಾಬಕಾದಲ್ಲಿ ಒಬ್ಬ ಮುದುಕಿ ಹೊಸಬರು ಬಂದರೆ ಮೊದಲು ನೀರು ಕೊಟ್ಟು ಆಮೇಲೆ ಹೆಸರು ಕೇಳುತ್ತಾಳೆ. ಎಲ್ಲದಕ್ಕಿಂತ ನನಗೆ ಇಷ್ಟವಾಗಿದ್ದು 'ಚ' ಪುಟದಲ್ಲಿ ಅವನು ಬರೆದ ಚಿಂತಾಕಿ. ಅದರ ಮುಂದೆ ನೀಲಿ ಪೆನ್ಸಿಲ್ಲಿನಲ್ಲಿ ಹೀಗಿತ್ತು: 'ಆಫ್ರಿಕಾ. ಕಪ್ಪು ಭೂಮಿ. ಜನ ಎರಡು ಮೂರು ಭಾಷೆ ಆಡುತ್ತಾರೆ. ಬಾವಿಗೆ ಹನ್ನೊಂದು ಮೆಟ್ಟಲು, ಕೊನೆಯದು ಒಡೆದಿದೆ.' ನಿಜಾಮನ ಕಾಲದ ಪುಸ್ತಕದಲ್ಲಿ ಆಫ್ರಿಕಾದ ಬಾವಿಯ ಒಡೆದ ಮೆಟ್ಟಿಲು ಹೇಗೆ ಬಂತೆಂದು ನನಗೆ ಹೊಳೆಯಲೇ ಇಲ್ಲ. ಇವತ್ತು ನನ್ನ ತರಗತಿಯ ಹುಡುಗಿ ಯಾರಾದರೂ ಇಷ್ಟು ಪೆದ್ದಾಗಿದ್ದರೆ ಕಿವಿ ಹಿಂಡುತ್ತಿದ್ದೆ.

ಒಂಬತ್ತನೇ ತರಗತಿಯಲ್ಲಿ ಭೂಗೋಳದ ಕ್ವಿಜ್ ಬಂತು. ಭಾಲ್ಕಿಯಲ್ಲಿ ನಡೆದ ತಾಲೂಕು ಮಟ್ಟದ ಸುತ್ತಿನಲ್ಲಿ ನಾನೇ ಮೊದಲು. ಜಿಲ್ಲಾ ಮಟ್ಟದ್ದು ಬೀದರಿನಲ್ಲಿ. ಮೊದಲ ಬಹುಮಾನ ಏನೆಂದು ಬಾಯಿಯವರು ಹೇಳಿದಾಗ ನನಗೆ ಊಟ ಸೇರದಂತಾಯಿತು. ಒಂದು ದೊಡ್ಡ ಅಟ್ಲಾಸು, ಗಟ್ಟಿ ರಟ್ಟಿನದು, ಬಣ್ಣದ್ದು, ನನ್ನ ಹೆಸರು ಬರೆದು ಕೊಡುತ್ತಾರಂತೆ. ಬೀಗದ ಕಪಾಟಿಲ್ಲ, ಕೈಚೀಲ ಹೊರುವುದಿಲ್ಲ, ಹತ್ತು ನಿಮಿಷದ ಲೆಕ್ಕವಿಲ್ಲ. ರಾತ್ರಿ ದಿಂಬಿನ ಪಕ್ಕ ಇಡೀ ಜಗತ್ತನ್ನು ಇಟ್ಟುಕೊಂಡು ಮಲಗಬಹುದು. ನನಗೆ ಅದು ಬೇಕಾಗಿತ್ತು. ಅಷ್ಟು ಬೇಕಾಗಿದ್ದು ಆಮೇಲೆ ನನ್ನ ಜೀವನದಲ್ಲಿ ಬಹಳ ಇಲ್ಲ.

ಆ ದಿನ ಅಪ್ಪ ರಜೆ ಹಾಕಿ ಔರಾದಿನಿಂದ ನೇರ ಬೀದರಿಗೆ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಮೂರನೇ ಸಾಲಿನಲ್ಲಿ ಬೇರೆ ಮಕ್ಕಳ ತಂದೆತಾಯಿಗಳ ನಡುವೆ ಕೂತಿದ್ದ. ಅವನ ಎಡಬಲದಲ್ಲಿ ಇದ್ದವರು ಮಾಸ್ತರರು, ಆಫೀಸಿನವರು, ಅಂಗಡಿಯವರು. ನಾನು ವೇದಿಕೆ ಹತ್ತುವಾಗ ಅವನು ಪಕ್ಕದವರಿಗೆ, "ನಮ್ ಹುಡುಗಿರಿ" ಎಂದದ್ದು ಅವನ ತುಟಿಯಲ್ಲೇ ಕಂಡಿತು.

ಕೊನೆಗೆ ಉಳಿದವರು ಇಬ್ಬರು. ನಾನು, ಮತ್ತು ಔರಾದಿನ ಒಬ್ಬಳು ಹುಡುಗಿ. ತೆಳ್ಳಗೆ, ಎರಡು ಜಡೆ, ಮಾತು ಕಡಿಮೆ. ಅಂಕ ಸಮ ಸಮ. ತೀರ್ಪುಗಾರರು ಕಾಲೇಜಿನಲ್ಲಿ ಭೂಗೋಳ ಕಲಿಸುವ ವಯಸ್ಸಾದವರು. ಅವರು ಕನ್ನಡಕ ಒರೆಸಿಕೊಂಡು ಹೇಳಿದರು, "ಈಗ ಒಂದ್ ಅಕ್ಷರ ಕೊಡ್ತೀನಿ. ಆ ಅಕ್ಷರದ ಜಗತ್ತಿನ ಊರು, ದೇಶ ಏನರೆ ಒಬ್ಬರಾದ ಮ್ಯಾಲ ಒಬ್ರು ಹೇಳ್ರಿ. ಅದು ಎಲ್ಲದ ಅನ್ನೋದೂ ಹೇಳಬೇಕು. ತಪ್ಪಿದವ್ರು ಔಟ್. ಅಕ್ಷರ, ಚ."

ಇದು ನಮ್ಮ ಕಟ್ಟೆಯ ಮೇಲಿನ ಆಟವೇ! ಅಪ್ಪನ ಕಡೆ ನೋಡಿದೆ. ಅವನು ನೆಟ್ಟಗೆ ಕೂತಿದ್ದ. ಅಟ್ಲಾಸು ಆಗಲೇ ನನ್ನ ತೊಡೆಯ ಮೇಲೆ ಬಂದು ಕೂತಂತಾಯಿತು.

ನಾನು ಚೀನಾ ಎಂದೆ. ಅವಳು ಚಿಲಿ ಎಂದಳು. ಚಾಡ್, ಚೆನ್ನೈ, ಚಿಕಾಗೊ, ಚಂಡೀಗಢ, ಉಕ್ರೇನಿನ ಚೆರ್ನೋಬಿಲ್. ಅವಳು ಚೆರಾಪುಂಜಿ ಎಂದಳು. ನಾನು ಥಾಯ್ಲೆಂಡಿನ ಚಿಯಾಂಗ್ ಮಾಯ್ ಎಂದೆ. ಸಭೆಯಲ್ಲಿ ಚಪ್ಪಾಳೆ ಬಿತ್ತು. ಅವಳು ಬಹಳ ಯೋಚಿಸಿ ಚಿತ್ತೂರು ಎಂದಳು, ಧ್ವನಿ ಇಳಿದಿತ್ತು. ಅವಳ ಬಳಿ ಮುಗಿದಿತ್ತು, ನನಗೆ ಗೊತ್ತಾಯಿತು. ನನ್ನ ಬಳಿ ಮೆಕ್ಸಿಕೋದ ಚಿಹುವಾಹುವಾ ಇನ್ನೂ ಇತ್ತು. ಅದನ್ನು ಹೇಳಬಹುದಿತ್ತು. ಆದರೆ ಮೂರನೇ ಸಾಲಿನಲ್ಲಿ ಅಪ್ಪ ಕೂತಿದ್ದನಲ್ಲ. ಗೆಲ್ಲುವ ಮಾತು ಅವನು ಕೊಟ್ಟದ್ದೇ ಆಗಿರಲಿ ಅಂತ ನನಗೆ ಅನಿಸಿತು. ನಾನು ದೊಡ್ಡ ಧ್ವನಿಯಲ್ಲಿ ಹೇಳಿದೆ.

"ಚಿಂತಾಕಿ, ಸರ್. ಆಫ್ರಿಕಾದಾಗ."

ತೀರ್ಪುಗಾರರ ಹುಬ್ಬು ಮೇಲೇರಿತು. ಅವರು ಬಾಯಿ ತೆರೆಯುವ ಮೊದಲೇ ಆ ಎರಡು ಜಡೆಯ ಹುಡುಗಿ ಎದ್ದು ನಿಂತಳು.

"ಸರ್, ಚಿಂತಾಕಿ ನಮ್ ಕಡೀದ್ರಿ. ನಮ್ ಅತ್ತಿ ಮನಿ ಅಲ್ಲೇ ಅದರಿ."

ಒಂದು ಗಳಿಗೆ ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ಔರಾದ ಕಡೆಯಿಂದ ಬಂದವರು ಒಂದು ಮೂಲೆಯಲ್ಲಿ ನಕ್ಕರು. ಆಮೇಲೆ ಇಡೀ ಹಾಲ್ ನಕ್ಕಿತು. ಹಿಂದಿನಿಂದ ಯಾರೋ, "ಆಫ್ರಿಕಾಕ್ಕ ಹೋಗೋ ಬಸ್ ಎಷ್ಟ್ ಗಂಟಿಗದರಿ?" ಎಂದು ಕೂಗಿದರು. ಮುಂದಿನ ಸಾಲಿನ ಹೆಂಗಸೊಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕರು. ತೀರ್ಪುಗಾರರು ಮಾತ್ರ ನಗಲಿಲ್ಲ. ಮರುಕದಿಂದಲೇ ಕೇಳಿದರು.

"ಭಾರತ ಅಂತ ಹೇಳಿದ್ರ ಸೈತ ನಾ ಒಪ್ಕೊಂತಿದ್ದೆ ನೋಡವ್ವಾ. ಆಫ್ರಿಕಾ ಅಂತ ನಿನಗ ಯಾರ್ ಹೇಳಿದ್ರು?"

ನನಗೆ ಇನ್ನೂ ಧೈರ್ಯವಿತ್ತು. ಇವರಿಗೆಲ್ಲ ಗೊತ್ತಿಲ್ಲ, ನಿಜಾಮನ ಕಾಲದ ಪುಸ್ತಕದಲ್ಲಿದೆ, ಅಪ್ಪ ಎದ್ದು ನಿಂತು ಹೇಳುತ್ತಾನೆ ಅಂದುಕೊಂಡೆ. ಕೈ ಮಾಡಿ ತೋರಿಸಿದೆ.

"ನಮ್ಮಪ್ಪ ಹೇಳ್ಯಾರ್ರಿ. ಅಲ್ಲಿ ಕುಂತಾರಲ್ರಿ, ಅವ್ರೇ."

ಸಭೆಯ ಕಣ್ಣೆಲ್ಲ ಮೂರನೇ ಸಾಲಿಗೆ ತಿರುಗಿತು. ಅಪ್ಪ ಅರ್ಧ ಎದ್ದ. ಪೂರ್ತಿ ನಿಲ್ಲಲಿಲ್ಲ, ಕೂರಲೂ ಇಲ್ಲ. ಕೈ ಜೋಡಿಸಿದಂತೆ ಮಾಡಿ, ನಗುತ್ತ, ಎಲ್ಲರ ಜೊತೆ ಸೇರಿ ನಗುತ್ತ ಹೇಳಿದ.

"ನಾ ಹೇಳಿಲ್ರಿ ಸರ್. ಎಲ್ಯಾರ ಕೇಳಿರಬೇಕ್ರಿ. ಹುಡುಗ್ರು ಅವ್ರಿ."

ಆಮೇಲೆ ಕೂತು ಗೋಡೆಯ ಮೇಲಿನ ವೈರಿಂಗ್ ನೋಡತೊಡಗಿದ. ಎಲ್ಲಿ ಕೂತರೂ ವೈರಿಂಗ್ ನೋಡುವುದು ಅವನ ಚಟ. ಅವತ್ತು ಅವನ ಕಣ್ಣು ಅಲ್ಲಿಂದ ಇಳಿಯಲೇ ಇಲ್ಲ.

ನೋಟ್‌ಬುಕ್ ನನ್ನ ಕಾಲ ಬುಡದ ಚೀಲದಲ್ಲೇ ಇತ್ತು. ನೀಲಿ ಪೆನ್ಸಿಲ್ಲು, ಗುಂಡಗಿನ ಅಕ್ಷರ, ಒತ್ತಿ ಬರೆದ 'ಆಫ್ರಿಕಾ'. ಬಗ್ಗಿ ತೆಗೆದು ತೀರ್ಪುಗಾರರ ಕೈಗೆ ಕೊಟ್ಟಿದ್ದರೆ ಸಾಕಿತ್ತು. ಯಾರು ಸುಳ್ಳು ಹೇಳಿದ್ದು ಎಂದು ಆ ಮಾಸ್ತರರು, ಅಂಗಡಿಯವರು ಎಲ್ಲರಿಗೂ ತಿಳಿಯುತ್ತಿತ್ತು. ನಾನು ಬಗ್ಗಿದೆ ಕೂಡ. ಚೀಲದ ಜಿಪ್ಪು ಅರ್ಧ ತೆರೆದಿತ್ತು, ನೋಟ್‌ಬುಕ್ಕಿನ ಅಂಚು ಕಾಣುತ್ತಿತ್ತು. ನಾನು ಜಿಪ್ಪು ಎಳೆದು ಮುಚ್ಚಿದೆ.

"ಯಾರೂ ಹೇಳಿಲ್ರಿ ಸರ್. ನಾನs ತಪ್ಪ್ ತಿಳ್ಕೊಂಡೆ" ಎಂದೆ.

ಔರಾದಿನ ಹುಡುಗಿ ಅಟ್ಲಾಸು ಎದೆಗೊತ್ತಿಕೊಂಡು ಫೋಟೋಕ್ಕೆ ನಿಂತಳು. ನನಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟರು.

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಮಿರ್ಚಿ ಭಜಿ ತಂದ. ನಾನು ಮುಟ್ಟಲಿಲ್ಲ. "ಜಿಲ್ಲಾಕ್ಕ ಎರಡನೇ ನಂಬರ್ ಅಂದ್ರ ಸಣ್ಣ ಮಾತಲ್ಲ ನೋಡು" ಎಂದ. ನಾನು ಕಿಟಕಿಯ ಕಡೆ ಮುಖ ಮಾಡಿದೆ. ಭಾಲ್ಕಿ ಬರುವವರೆಗೂ ಅವನು ಎರಡು ಸಲ ಕೆಮ್ಮಿದ, ಒಂದು ಸಲ ನನ್ನ ತಲೆ ಮುಟ್ಟಲು ಕೈ ಎತ್ತಿ ಬಿಟ್ಟ. ಭಜಿಯ ಪೊಟ್ಟಣ ಅವನ ತೊಡೆಯ ಮೇಲೇ ಆರಿಹೋಯಿತು. ಚಿಂತಾಕಿಯ ಮಾತು ಬರಲಿಲ್ಲ. ಅದು ಬಂದಿದ್ದರೆ, 'ತಪ್ಪಾತವ್ವಾ' ಎಂಬ ಒಂದು ಮಾತು ಬಂದಿದ್ದರೆ, ಆ ತಣ್ಣಗಿನ ಭಜಿಯನ್ನೇ ತಿಂದು ಮುಗಿಸುತ್ತಿದ್ದೆ.

ಸಾಲೆಯಲ್ಲಿ ನನ್ನ ಹೆಸರು 'ಆಫ್ರಿಕಾ' ಆಯಿತು. ಹತ್ತನೇ ತರಗತಿ ಮುಗಿಯುವವರೆಗೂ ಅದೇ. ಮುಂದಿನ ಭಾನುವಾರ ಅಪ್ಪ ಚಹಾ ಕುಡಿದು ಕಟ್ಟೆಗೆ ಬಂದು, "ಈ ವಾರ ಯಾವ ಅಕ್ಷರನವ್ವಾ?" ಎಂದ. "ನನಗ ಓದೂದದ" ಎಂದು ಒಳಗೆ ಹೋದೆ. ಇನ್ನೊಂದು ಭಾನುವಾರವೂ ಕೇಳಿದ. ಮೂರನೆಯ ಸಲ ಕೇಳಲಿಲ್ಲ. "ಆಟದ ಮಾತಿಗಿ ಇಷ್ಟ್ಯಾಕ ಸಿಟ್ಟ ಹಿಡೀತಿ?" ಎಂದು ಅವ್ವ ಬೈದಳು. ಆಟದ ಮಾತಲ್ಲ ಅದು. ಔರಾದ ಸುತ್ತಲಿನ ಊರುಗಳನ್ನು ಎತ್ತಿ ಎಲ್ಲಿಂದೆಲ್ಲಿಗೋ ಇಟ್ಟದ್ದನ್ನು ನಾನು ಎಂದೋ ಮರೆಯುತ್ತಿದ್ದೆ. ಅಷ್ಟು ಜನರ ಮುಂದೆ ನನ್ನನ್ನು ಒಬ್ಬಳನ್ನೇ ನಿಲ್ಲಿಸಿ ಅವರ ಜೊತೆ ಸೇರಿ ನಕ್ಕದ್ದನ್ನು ಎಲ್ಲಿಡಲಿ?

ಆಮೇಲೆ ಅಪ್ಪ ನನಗೆ ಏನು ಕಡಿಮೆ ಮಾಡಿದ ಅಂದರೆ ಏನೂ ಇಲ್ಲ. ಓದಿಸಿದ, ಬಿ.ಎಡ್. ಮಾಡಿಸಿದ, ಲಗ್ನ ಮಾಡಿದ. ಆದರೆ ನನ್ನೊಳಗೆ ಒಂದು ಕೆಟ್ಟ ಚಟ ಉಳಿಯಿತು. ಯಾರು ಏನೇ ಹೇಳಲಿ, ಇನ್ನೊಂದು ಸಲ ನಾನೇ ನೋಡಬೇಕು. ಮನೆಯಲ್ಲಿ ಬಲ್ಬು ಬದಲಿಸುವಾಗ ನಲವತ್ತು ವರ್ಷ ಕಂಬ ಹತ್ತಿದ ಅಪ್ಪ, "ಮೇನ್ ಬಂದ್ ಮಾಡೇನಿ" ಎಂದರೂ ನಾನು ಹೋಗಿ ಮೇನ್ ಮುಟ್ಟಿ ನೋಡಿ ಬರುತ್ತೇನೆ. ಅವನು ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಾನೆ.

ಈಗ ನಾನು ಬೀದರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆ ಅಲ್ಲೇ ಮೈಲೂರು ಬಡಾವಣೆಯಲ್ಲಿ. ಅಪ್ಪ ಅವ್ವ ನಮ್ಮ ಜೊತೆಗೇ ಇದ್ದಾರೆ. ಹೋದ ಚುನಾವಣೆಯಲ್ಲಿ ನನಗೆ ಮತಗಟ್ಟೆಯ ಡ್ಯೂಟಿ ಬಂತು. ಆರ್ಡರಿನಲ್ಲಿ ಊರಿನ ಹೆಸರು ಓದಿ ಸ್ಟಾಫ್‌ರೂಮಿನಲ್ಲಿ ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಚಿಂತಾಕಿ. ಮನೆಯಲ್ಲಿ ಯಾರಿಗೂ ಊರಿನ ಹೆಸರು ಹೇಳಲಿಲ್ಲ. ಔರಾದ ಕಡೆ ಡ್ಯೂಟಿ ಅದ ಎಂದೆ, ಅಷ್ಟೇ.

ಮತದಾನದ ಹಿಂದಿನ ದಿನ ಮಧ್ಯಾಹ್ನವೇ ನಮ್ಮನ್ನು ಅಲ್ಲಿ ಇಳಿಸಿದರು. ಪೆಟ್ಟಿಗೆ ಪಟ್ಟಿಗಳನ್ನೆಲ್ಲ ಸಾಲೆಯಲ್ಲಿ ಇಟ್ಟು, ಜೊತೆಯವರಿಗೆ ಹೇಳಿ, ಊರೊಳಗೆ ಒಂದು ಸುತ್ತು ನಡೆದೆ. ಕಪ್ಪು ಭೂಮಿ. ಅಂಗಡಿಯ ಮುಂದೆ ಕೂತವರು ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಿದ್ದರು, ನಡುವೆ ಉರ್ದು. ಹಳೇ ಬಾವಿ ಎಲ್ಲಿ ಎಂದು ಒಬ್ಬ ಹೆಂಗಸನ್ನು ಕೇಳಿದೆ. "ಈಗ ಯಾರೂ ಹೋಗಂಗಿಲ್ರಿ ಅಲ್ಲಿ, ಮನೀಗೆ ನಳ ಬಂದಾವ" ಎನ್ನುತ್ತ ದಾರಿ ತೋರಿಸಿದಳು. ಜಾಲಿ ಗಿಡಗಳ ನಡುವೆ ಬಾವಿ ಇತ್ತು. ಮೆಟ್ಟಿಲು ಎಣಿಸಿದೆ. ಹನ್ನೊಂದು. ಕೊನೆಯದು ಒಡೆದಿತ್ತು.

ಮೇಲಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಲ್ಲವೂ ಖರೆ ಇತ್ತು. ಅಪ್ಪ ಈ ಬಾವಿಗೆ ಇಳಿದಿದ್ದ, ಆ ಒಡೆದ ಮೆಟ್ಟಿಲ ಮೇಲೆ ಹುಷಾರಾಗಿ ಕಾಲಿಟ್ಟಿದ್ದ, ನೀರು ಕುಡಿದಿದ್ದ, ನನಗಾಗಿ ನೆನಪಿಟ್ಟುಕೊಂಡು ಬಂದಿದ್ದ. ಇದರಿಂದ ನನ್ನ ಸಿಟ್ಟು ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಇಷ್ಟು ಪ್ರೀತಿಯಿಂದ ತಂದುಕೊಟ್ಟವನಿಗೆ 'ನಾನೇ ಹೇಳಿದ್ದು' ಎನ್ನಲು ಏನಾಗಿತ್ತು?

ಡ್ಯೂಟಿ ಮುಗಿಸಿ ಬಂದ ಮೇಲಿನ ಭಾನುವಾರ ಟ್ರಂಕಿನ ಅಡಿಯಿಂದ ನೋಟ್‌ಬುಕ್ ತೆಗೆದೆ. ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ. ನಾನು ಎದುರಿಗೆ ನೆಲದ ಮೇಲೆ ಕೂತು, 'ಚ' ಪುಟ ತೆರೆದು ಅವನ ತೊಡೆಯ ಮೇಲಿಟ್ಟೆ.

ಅಪ್ಪನಿಗೆ ಮರೆವಿನ ಕಾಯಿಲೆ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಔರಾದ ತಾಲೂಕಿನ ಯಾವ ಟ್ರಾನ್ಸ್‌ಫಾರ್ಮರ್ ಯಾರ ಹೊಲದ ಬದುವಿಗಿದೆ ಎಂದು ಇವತ್ತಿಗೂ ಹೇಳುತ್ತಾನೆ. ಅವನು ಕನ್ನಡಕ ಸರಿಮಾಡಿಕೊಂಡ. ಪುಟದ ಮೇಲೆ ಬೆರಳಾಡಿಸಿದ. ನೀಲಿ ಪೆನ್ಸಿಲ್ಲಿನ ಗುರುತು ಇನ್ನೂ ಅಳಿಸಿರಲಿಲ್ಲ. ಚಿಂತಾಕಿಯ ಸಾಲಿನ ಮೇಲೆ ಬೆರಳು ನಿಂತಿತು. ನಾನು ಕಾದೆ. ಒಂಬತ್ತನೇ ತರಗತಿಯಿಂದ ಕಾಯುತ್ತಿದ್ದವಳಿಗೆ ಇನ್ನೆರಡು ನಿಮಿಷ ಯಾವ ಲೆಕ್ಕ?

"ಅಕ್ಷರ ಚೆಂದ ಅದಾವ" ಎಂದ ಅಪ್ಪ. "ಯಾರ್ದವವ್ವಾ?"

ಅವತ್ತು ಆ ಸಭೆಯಲ್ಲಿ ಉರಿದಂತೆಯೇ ನನ್ನ ಮುಖ ಉರಿಯಿತು. ಈಗ ಇಲ್ಲಿ ಮಾಸ್ತರರಿಲ್ಲ, ಅಂಗಡಿಯವರಿಲ್ಲ, ನಗುವವರು ಯಾರೂ ಇಲ್ಲ. ನಾನೊಬ್ಬಳೇ ಇದ್ದೇನೆ. ನನ್ನೆದುರಿಗೂ ಹೇಳಲಾರನೇ?

"ಔರಾದಿನ್ಯಾಗ ಒಬ್ಬ ಲೈನ್‌ಮ್ಯಾನ್ ಇದ್ದ ಅಪ್ಪಾ. ಅವಂದವ" ಎಂದೆ. "ಭಾಳ ಸುಳ್ಳ ಹೇಳ್ತಿದ್ದ."

ಅಪ್ಪ ತಲೆ ಎತ್ತಲಿಲ್ಲ. ಹಾಳೆ ಹಿಂದೆ ಹಿಂದೆ ತಿರುವುತ್ತ ಹೋದ. 'ಔ' ಪುಟಕ್ಕೆ ಬಂದು ನಿಂತ. ಅಲ್ಲಿ ಅವನು ಬರೆದ ಔರಾದದ ಮೇಲೆ ನಾನೆಳೆದ ಎರಡು ಗೀಟು ಹಾಗೇ ಇದ್ದವು. ಅವನ ಹೆಬ್ಬೆರಳು ಆ ಗೀಟುಗಳನ್ನು ಒರೆಸುವಂತೆ ಒಂದೆರಡು ಸಲ ಆಡಿತು.

"ಊರು ಖರೇನ ಇದ್ವಲ್ಲವ್ವಾ" ಎಂದ, ಬಹಳ ಸಣ್ಣ ಧ್ವನಿಯಲ್ಲಿ. "ನೀ ದೂರಂದs ಬೇಕಂದಿ."

ಅಷ್ಟೇ. ತಪ್ಪಾಯಿತು ಎನ್ನಲಿಲ್ಲ. ನಾನೂ ಕೇಳಲಿಲ್ಲ. ಒಳಗಿನಿಂದ ಅವ್ವ ಚಹಾ ಆಯಿತೆಂದು ಕರೆದಳು. ನಾನು ಅವನ ತೊಡೆಯ ಮೇಲಿಂದ ನೋಟ್‌ಬುಕ್ ತೆಗೆದುಕೊಂಡು, ಮುಚ್ಚಿ, ಟ್ರಂಕಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟು ಬಂದೆ.